ಹಳೇ ಪೆಟ್ರೋಲ್ ಕಾರಿಗೆ ಎಥೆನಾಲ್ ಕಿಟ್ ಹಾಕಿಸಬಹುದಾ? ಮನೆಗೆ ಇರುವುದು ಇದೊಂದೇ ಗಾಡಿ

ಕಬ್ಬಿನಗದ್ದೆ
ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ಹತ್ತಿರದ ಹಳ್ಳಿಯವನು. ಮನೆಯಲ್ಲಿ 2015ರ ಪೆಟ್ರೋಲ್ ಕಾರಿದೆ. 1.2 ಲೀಟರ್ ಎಂಜಿನ್, 82 ಸಾವಿರ ಕಿ.ಮೀ. ಓಡಿದೆ. ಸಂತೆಗೂ ಅದೇ, ನೆಂಟರ ಮನೆಗೂ ಅದೇ. ತಿಂಗಳಿಗೊಮ್ಮೆ ಅಮ್ಮನನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಅದರಲ್ಲೇ.

ನಮ್ಮದು ಮೂರೂವರೆ ಎಕರೆ ಕಬ್ಬು. ಅಪ್ಪನಿಗೆ ಒಂದು ಆಸೆ. ನಾವು ಬೆಳೆದ ಕಬ್ಬಿನಿಂದಲೇ ಎಥೆನಾಲ್ ಆಗುತ್ತದೆ, ಅದು ನಮ್ಮ ಗಾಡಿಗೇ ಬಿದ್ದರೆ ಎಷ್ಟು ಚೆನ್ನ ಅಲ್ವಾ ಅಂತ ಹೇಳುತ್ತಲೇ ಇರುತ್ತಾರೆ. ಮೊನ್ನೆ ಆನ್‌ಲೈನ್‌ನಲ್ಲಿ ಒಂದು ಕಿಟ್ ನೋಡಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಅದರಿಂದ ನಾಲ್ಕು ವೈರ್ ಹೊರಗೆ ಬಂದಿವೆ. ಎಂಜಿನ್‌ಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ನ ಸಾಕೆಟ್‌ಗೆ ಸಿಕ್ಕಿಸಿದರೆ ಮುಗಿಯಿತು, ಇ85 ತನಕ, ಅಂದರೆ 85% ಎಥೆನಾಲ್ ಬೆರೆತ ಪೆಟ್ರೋಲ್ ತನಕ, ಯಾವುದು ಬೇಕಾದರೂ ಹಾಕಬಹುದು ಎಂದು ಬರೆದಿದ್ದಾರೆ. ಬೆಲೆ 8,500 ರೂಪಾಯಿ.

ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇ10 ತನಕ ಅಂತ ಮಾತ್ರ ಇದೆ. ಬಂಕ್‌ನಲ್ಲಿ ಈಗ ಇ20 ಬಿಟ್ಟು ಬೇರೇನೂ ಸಿಗುತ್ತಿಲ್ಲ. ಹೇಗೂ ಇ20 ಹಾಕುತ್ತಿದ್ದೇವೆ, ಪೂರ್ತಿ ಬದಲಾಯಿಸಿಬಿಟ್ಟರೆ ಹೇಗೆ? ಯಾರಾದರೂ ಮಾಡಿಸಿದ್ದೀರಾ? ದಯವಿಟ್ಟು ಅನುಭವ ಹೇಳಿ.

ಬೈಲಹೊಂಗಲ ಬೆಲ್ಲ
ಅಪ್ಪನವರ ಆಸೆ ದೊಡ್ಡದು ಬಿಡಿ. ನನ್ನ ಮತ, ಧೈರ್ಯವಾಗಿ ಮಾಡಿಸಿ. ಬ್ರೆಜಿಲ್‌ನವರು ಮಾಡಿದ್ದಾರೆ, ನಮಗೇಕೆ ಆಗಲ್ಲ?

ಬೋರೇಗೌಡನ ಕೊಪ್ಪಲು
ಬೇಡ ಅಣ್ಣ. ಇರುವ ಒಂದೇ ಗಾಡಿ ಮೇಲೆ ಪ್ರಯೋಗ ಬೇಡ.

ಸ್ಪ್ಯಾನರ್ 14
ನಾನು ತುಮಕೂರಿನಲ್ಲಿ 22 ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ. ಕಿಟ್ ವಿಷಯ ಆಮೇಲೆ ನೋಡೋಣ. ಮೊದಲು ಗಾಡಿ ಈಗ ಹೇಗಿದೆ ನೋಡಿಸಿ. ಇ10 ಕಾಲದ ಗಾಡಿ ಅಂದರೆ ಪೈಪು, ಓ-ರಿಂಗ್, ಪಂಪ್‌ನ ಸೀಲ್ ಎಲ್ಲವೂ ಇ10ಗೆ ತಕ್ಕ ಹಾಗೆ ಮಾಡಿದ್ದು. ಸಾಮಾನ್ಯ ನೈಟ್ರೈಲ್ ರಬ್ಬರ್ ಎಥೆನಾಲ್ ಜಾಸ್ತಿಯಾದಂತೆ ಊದುತ್ತದೆ, ಆಮೇಲೆ ಒಣಗಿ ಬಿರಿಯುತ್ತದೆ. ಹೋದ ತಿಂಗಳು ಒಂದು 2012ರ ಗಾಡಿ ಬಂದಿತ್ತು. ಇಂಧನದ ರಬ್ಬರ್ ಪೈಪ್ ತೆಗೆದು ಉಗುರಲ್ಲಿ ಒತ್ತಿದರೆ ಗುರುತು ಹಾಗೇ ನಿಂತಿತು. ಬೆರಳಿಗೆ ಕಾಡಿಗೆ ಥರ ಕಪ್ಪು ಅಂಟಿಕೊಂಡಿತು. ಎಂಜಿನ್ ಬಿಸಿಯಾಗಿ, ಆ ಪೈಪ್ ಬಿರಿದು, ಪೆಟ್ರೋಲ್ ಹನಿಯಲು ಶುರುವಾದರೆ ಏನಾಗುತ್ತದೆ ಯೋಚನೆ ಮಾಡಿ.

ಇನ್ನೊಂದು ವಿಷಯ. ಎಥೆನಾಲ್ ಒಳ್ಳೇ ದ್ರಾವಕ. ಹತ್ತು ವರ್ಷ ಟ್ಯಾಂಕ್ ತಳದಲ್ಲಿ ಕೂತಿದ್ದ ಕೊಳೆಯನ್ನು ಎಬ್ಬಿಸಿಕೊಂಡು ಬರುತ್ತದೆ. ಅದೆಲ್ಲ ಪಂಪ್‌ನ ಜಾಲರಿಗೆ, ಫಿಲ್ಟರ್‌ಗೆ ಹೋಗಿ ಕೂರುತ್ತದೆ. ಗಾಡಿ ಎಳೆಯುತ್ತಿಲ್ಲ ಅಂತ ಬಂದವರಲ್ಲಿ ಅರ್ಧ ಜನಕ್ಕೆ ನಾನು ಫಿಲ್ಟರ್ ಬದಲಿಸಿ ಕಳಿಸಿದ್ದೇನೆ, ಅಷ್ಟೆ.

ರಾಜಾಜಿನಗರ 10ನೇ ಬ್ಲಾಕ್
ಇ20 ಬಂದಮೇಲೆ ನನ್ನ ಗಾಡಿ ಮೈಲೇಜ್ 20% ಬಿದ್ದಿದೆ. 16 ಕೊಡುತ್ತಿದ್ದದ್ದು ಈಗ 13. ಹೀಗಿರುವಾಗ ನೀವು ಇ85 ಹಾಕಲು ಹೊರಟಿದ್ದೀರಲ್ಲ?

ಲೆಕ್ಕದ ಮೇಷ್ಟ್ರು
ರಾಜಾಜಿನಗರದವರೇ, 20% ಎಥೆನಾಲ್‌ನಿಂದ 20% ಮೈಲೇಜ್ ಬೀಳಲು ಆ ಎಥೆನಾಲ್‌ನಲ್ಲಿ ಶಕ್ತಿಯೇ ಇರಬಾರದು. ನೀರು ಹಾಕಿದ ಹಾಗೆ ಆಗಬೇಕು. ಲೆಕ್ಕ ನೋಡಿ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಒಂದು ಲೀಟರ್ ಎಥೆನಾಲ್‌ನಲ್ಲಿ ಸುಮಾರು 21. ಇ10 ಅಂದರೆ 30.9. ಇ20 ಅಂದರೆ 29.8. ಶುದ್ಧ ಪೆಟ್ರೋಲ್‌ನಿಂದ ಇ20ಗೆ ಬಂದರೆ 7% ಹತ್ತಿರ ಇಳಿಯುತ್ತದೆ. ಇ10ನಿಂದ ಇ20ಗೆ ಬಂದರೆ ಮೂರೂವರೆ. ನೀತಿ ಆಯೋಗದ 2021ರ ವರದಿ ಕೂಡ ಶುದ್ಧ ಪೆಟ್ರೋಲ್‌ಗೆಂದು ಮಾಡಿ ಇ10ಗೆ ಹೊಂದಿಸಿದ ಹಳೇ ನಾಲ್ಕು ಚಕ್ರದ ಗಾಡಿಗಳಿಗೆ 6-7% ಎಂದೇ ಹೇಳಿದೆ.

16 ಇದ್ದದ್ದು 15 ಆದರೆ ಇ20 ಕಾರಣ ಎನ್ನಿ, ಒಪ್ಪುತ್ತೇನೆ. 13 ಆಗಿದ್ದರೆ ಬೇರೆ ಏನೋ ಇದೆ. ಟೈರ್ ಗಾಳಿ, ಪ್ಲಗ್, ಆಕ್ಸಿಜನ್ ಸೆನ್ಸರ್ ನೋಡಿಸಿ.

ರಾಜಾಜಿನಗರ 10ನೇ ಬ್ಲಾಕ್
ಮೇಷ್ಟ್ರೇ, ಕಾಗದದ ಮೇಲೆ ಲೆಕ್ಕ ಚೆನ್ನಾಗಿದೆ. ನಾನು ಡಿಸ್‌ಪ್ಲೇಯಲ್ಲಿ ಕಣ್ಣಾರೆ ನೋಡಿದ್ದನ್ನು ಹೇಳುತ್ತಿದ್ದೇನೆ.

ಲೆಕ್ಕದ ಮೇಷ್ಟ್ರು
ಡಿಸ್‌ಪ್ಲೇ ನಂಬಬೇಡಿ. ಒಂದೇ ಬಂಕ್, ಒಂದೇ ನಾಝಲ್, ತಾನಾಗೇ ಕಟ್ ಆಗುವ ತನಕ ಟ್ಯಾಂಕ್ ತುಂಬಿಸಿ. 300 ಕಿ.ಮೀ. ಓಡಿಸಿ. ಮತ್ತೆ ಅದೇ ಕಡೆ ತುಂಬಿಸಿ ಭಾಗಿಸಿ. ಮೂರು ಸಲ ಮಾಡಿ ಬನ್ನಿ, ಆಮೇಲೆ ಜಗಳ ಆಡೋಣ.

ಟ್ರಿಮ್ ನೋಡುವವನು
ಬೆಂಗಳೂರಿನಲ್ಲಿ ಎಂಜಿನ್ ಕ್ಯಾಲಿಬ್ರೇಶನ್ ಕೆಲಸ ಮಾಡುತ್ತೇನೆ. ಕಿಟ್ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕೆಜಿ ಗಾಳಿ ಬೇಕು. ಎಥೆನಾಲ್‌ಗೆ 9 ಕೆಜಿ ಸಾಕು. ಎಂಜಿನ್ ಎಳೆದುಕೊಳ್ಳುವ ಗಾಳಿ ಅಷ್ಟೇ ಇರುತ್ತದೆ. ಹಾಗಾಗಿ ಅದೇ ಗಾಳಿಗೆ ಎಥೆನಾಲ್ ಜಾಸ್ತಿ ಬಿಡಬೇಕು. ಇ85 ಆದರೆ ಹೆಚ್ಚುಕಮ್ಮಿ 40% ಜಾಸ್ತಿ. ಪೂರ್ತಿ ಎಥೆನಾಲ್ ಆದರೆ ಒಂದೂವರೆ ಪಟ್ಟು.

ನಿಮ್ಮ ಗಾಡಿಯ ಕಂಪ್ಯೂಟರ್ ಸೈಲೆನ್ಸರ್ ಪೈಪ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹೆಚ್ಚುಕಡಿಮೆ ಮಾಡುತ್ತದೆ. ಇದನ್ನು ಫ್ಯುಯೆಲ್ ಟ್ರಿಮ್ ಅನ್ನುತ್ತೇವೆ. ಇ10 ಗಾಡಿಗೆ ಇ20 ಹಾಕಿದರೆ ಟ್ರಿಮ್ 4-5% ಮೇಲೆ ಹೋಗುತ್ತದೆ. ಅದನ್ನು ಕಂಪ್ಯೂಟರ್ ಸುಲಭವಾಗಿ ನಿಭಾಯಿಸುತ್ತದೆ. ಇ85 ಹಾಕಿದರೆ ಮಿತಿ ದಾಟುತ್ತದೆ. ಬಹಳ ಗಾಡಿಗಳಲ್ಲಿ ಆ ಮಿತಿ 25% ಸುತ್ತಮುತ್ತ. ಆಮೇಲೆ ಚೆಕ್ ಎಂಜಿನ್ ಲೈಟ್ ಬರುತ್ತದೆ, ಸ್ಕ್ಯಾನ್ ಮಾಡಿದರೆ ಪಿ0171, ಅಂದರೆ ಇಂಧನ ಸಾಲುತ್ತಿಲ್ಲ ಅಂತ.

ಆ ಡಬ್ಬಿ ಮಾಡುವುದು ಇಷ್ಟೇ. ಕಂಪ್ಯೂಟರ್‌ನಿಂದ ಇಂಜೆಕ್ಟರ್‌ಗೆ ಬರುವ ಸಿಗ್ನಲ್ ಅನ್ನು ಮಧ್ಯೆ ಹಿಡಿದು ಉದ್ದ ಮಾಡುತ್ತದೆ. ಒಳ್ಳೇ ಕಿಟ್ ಆದರೆ ಟ್ಯಾಂಕ್‌ನಿಂದ ಬರುವ ಪೈಪ್‌ನಲ್ಲಿ ಒಂದು ಸೆನ್ಸರ್ ಇರುತ್ತದೆ. ಎಥೆನಾಲ್ ಎಷ್ಟು ಪಾಲು ಇದೆ ಅಂತ ಅದು ಅಳೆಯುತ್ತದೆ. ಎಂಜಿನ್ ಬಿಸಿ ಎಷ್ಟು ಅಂತ ತಿಳಿಯಲು ಇನ್ನೊಂದು ಸೆನ್ಸರ್. ನಿಮ್ಮ ಕಿಟ್‌ನ ವೈರ್ ಎಣಿಸಿದಿರಲ್ಲ, ನಾಲ್ಕು. ನಾಲ್ಕು ಸಿಲಿಂಡರ್‌ಗೆ ನಾಲ್ಕು, ಅಲ್ಲಿಗೆ ಮುಗಿಯಿತು. ಟ್ಯಾಂಕ್‌ನಲ್ಲಿ ಏನಿದೆ ಅಂತ ಆ ಡಬ್ಬಿಗೆ ಗೊತ್ತೇ ಆಗುವುದಿಲ್ಲ. ಇವತ್ತು ಇ20, ನಾಳೆ ಬೇರೆ ಏನೋ. ಎಲ್ಲಕ್ಕೂ ಒಂದೇ ಅಳತೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಗಾಡಿಯ ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ಮಾತು ಕೇಳುವುದಿಲ್ಲ. ಆಗ ತಪ್ಪಿದ್ದನ್ನು ತಿದ್ದಲು ಯಾರೂ ಇರುವುದಿಲ್ಲ. ಓವರ್‌ಟೇಕ್ ಮಾಡುವ ಹೊತ್ತಿಗೇ ಗಾಡಿ ಮುಗ್ಗರಿಸಿದರೆ?

ಬೈಲಹೊಂಗಲ ಬೆಲ್ಲ
ಸರ್, ನೀವು ಹೇಳಿದ್ದು ಒಪ್ಪಿದೆ. ಆದರೆ ಬ್ರೆಜಿಲ್‌ನಲ್ಲಿ ಹೇಗೆ ನಡೆಯಿತು?

ಟ್ರಿಮ್ ನೋಡುವವನು
ಒಂದೇ ದಿನಕ್ಕೆ ನಡೆಯಲಿಲ್ಲ ಸರ್. 1975ರಲ್ಲಿ ಅವರು ಎಥೆನಾಲ್ ಬಳಕೆ ಹೆಚ್ಚಿಸಲು ಪ್ರೊಆಲ್ಕೂಲ್ ಎಂಬ ಕಾರ್ಯಕ್ರಮ ಶುರು ಮಾಡಿದರು. 1979ರಲ್ಲಿ ಫಿಯಟ್ 147 ಎಂಬ ಕಾರು ಬಂತು, ಪೂರ್ತಿ ಎಥೆನಾಲ್‌ನಲ್ಲೇ ಓಡುವುದು. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲಿ ಅಂತ ಅಲ್ಲಿನ ಗಾಡಿಗಳ ಬಾನೆಟ್ ಕೆಳಗೆ ಒಂದು ಪುಟ್ಟ ಪೆಟ್ರೋಲ್ ಟ್ಯಾಂಕ್ ಇಡುತ್ತಿದ್ದರು. ಎರಡನ್ನೂ ಬೆರೆಸಿ ಓಡಿಸುವ ಫೋಕ್ಸ್‌ವ್ಯಾಗನ್ ಗೋಲ್ ಟೋಟಲ್ ಫ್ಲೆಕ್ಸ್ ಬಂದದ್ದು 2003ರಲ್ಲಿ. ಅದೆಲ್ಲ ಕಾರ್ಖಾನೆಯಲ್ಲೇ ಆ ಥರ ಮಾಡಿದ ಗಾಡಿ. ಪೈಪು, ಪಂಪು, ಇಂಜೆಕ್ಟರು, ಕಂಪ್ಯೂಟರು ಎಲ್ಲ ಸೇರಿಸಿ.

ನಮ್ಮಲ್ಲೂ ಟೊಯೋಟಾ 2023ರ ಆಗಸ್ಟ್‌ನಲ್ಲಿ ಇನ್ನೋವಾ ಹೈಕ್ರಾಸ್‌ನ ಇ85 ಮಾದರಿ ತೋರಿಸಿತು. ಟಿವಿಎಸ್ 2019ರಲ್ಲೇ ಅಪಾಚೆ ಬೈಕ್‌ನ ಇ100 ಮಾದರಿ ತಂದಿತ್ತು. ಹೊಸ ಗಾಡಿ ಮಾಡುವುದು ಬೇರೆ, ಹಳೇ ಗಾಡಿಗೆ ತೇಪೆ ಹಾಕುವುದು ಬೇರೆ.

ಮಡಿಕೇರಿ ಮಂಜು
ಚಳಿ ಅಂದಿರಿ, ಅದು ನಿಜವಾದ ತೊಂದರೆಯೇ? ನಮ್ಮ ಕಡೆ ಡಿಸೆಂಬರ್‌ನಲ್ಲಿ 11-12 ಡಿಗ್ರಿಗೆ ಇಳಿಯುತ್ತದೆ.

ಟ್ರಿಮ್ ನೋಡುವವನು
ನಿಜವಾದ ತೊಂದರೆಯೇ. ಸುಮಾರು 13 ಡಿಗ್ರಿಗಿಂತ ಕೆಳಗೆ ಶುದ್ಧ ಎಥೆನಾಲ್‌ನಿಂದ ಕಿಡಿ ಹಿಡಿಯುವಷ್ಟು ಆವಿ ಏಳುವುದಿಲ್ಲ. ಇ20ಗೆ ಆ ಭಯ ಇಲ್ಲ, 80 ಪಾಲು ಪೆಟ್ರೋಲ್ ಇದೆಯಲ್ಲ.

ಲಿಯೋನ್‌ನಿಂದ ಹರಿಹರದವ
ನಾನು ಫ್ರಾನ್ಸ್‌ನಲ್ಲಿದ್ದೇನೆ. ಇಲ್ಲಿ ನಾನು ನನ್ನ ಕಾರಿಗೆ ಇ85 ಡಬ್ಬಿ ಹಾಕಿಸಿ ಎರಡು ವರ್ಷ ಆಯಿತು. ಆದ್ದರಿಂದ ಅನುಭವದಿಂದ ಹೇಳುತ್ತೇನೆ, ಇದು ಆಗುವ ಕೆಲಸವೇ.

ಆದರೆ ಹೇಗೆ ಆಗುತ್ತದೆ ಅಂತಲೂ ಹೇಳುತ್ತೇನೆ. 2017ರ ಕೊನೆಯಲ್ಲಿ ಇಲ್ಲಿನ ಸರ್ಕಾರ ಇದಕ್ಕೆ ನಿಯಮ ಮಾಡಿತು. ಅನುಮೋದನೆ ಸಿಕ್ಕಿದ ಡಬ್ಬಿಯನ್ನೇ ಹಾಕಬೇಕು. ಅಧಿಕೃತ ಗ್ಯಾರೇಜಿನವರೇ ಹಾಕಬೇಕು. ಅವರು ಕೊಟ್ಟ ಪ್ರಮಾಣಪತ್ರ ತೋರಿಸಿ ನೋಂದಣಿ ಪತ್ರದಲ್ಲಿ ಇಂಧನದ ಕಾಲಂ ಬದಲಿಸಿಕೊಳ್ಳಬೇಕು. ಆಮೇಲೆ ವಿಮೆಯವರಿಗೆ ತಿಳಿಸಬೇಕು. ಎಲ್ಲ ಸೇರಿ ನನಗೆ 900 ಯೂರೋ ಖರ್ಚಾಯಿತು. ಮೈಲೇಜ್ ಸುಮಾರು 22% ಇಳಿಯಿತು. ಆದರೂ ನನಗೆ ಲಾಭ. ಇಲ್ಲಿ ಇ85 ಬೆಲೆ ಪೆಟ್ರೋಲ್‌ನ ಅರ್ಧದ ಹತ್ತಿರ ಇದೆ, ತೆರಿಗೆ ಕಡಿಮೆ. ಮನೆ ಪಕ್ಕದ ಸೂಪರ್‌ಮಾರ್ಕೆಟ್ ಬಂಕ್‌ನಲ್ಲೇ ಸಿಗುತ್ತದೆ. ಜನವರಿಯಲ್ಲಿ ಮಾತ್ರ ಹತ್ತು ಲೀಟರ್ ಪೆಟ್ರೋಲ್ ಬೆರೆಸುತ್ತೇನೆ, ಇಲ್ಲದಿದ್ದರೆ ಬೆಳಿಗ್ಗೆ ಸ್ಟಾರ್ಟರ್ ಮೂರು ನಾಲ್ಕು ಸಲ ತಿರುಗಿಸಬೇಕಾಗುತ್ತದೆ.

ಕಬ್ಬಿನಗದ್ದೆ ಅವರೇ, ನಿಮಗೆ ಡಬ್ಬಿ ಸಿಕ್ಕಿದೆ. ಉಳಿದದ್ದು ಸಿಗುತ್ತದಾ ನೋಡಿ.

ಕಬ್ಬಿನಗದ್ದೆ
ಇಷ್ಟು ಜನ ಉತ್ತರ ಕೊಟ್ಟಿದ್ದೀರಿ, ತುಂಬಾ ಖುಷಿಯಾಯಿತು. ಲಿಯೋನ್ ಅಣ್ಣ ಕೇಳಿದ ಮೇಲೆ ಯೋಚಿಸಿದೆ. ನಿಜ, ಎಥೆನಾಲ್ ಎಲ್ಲಿ ಕೊಳ್ಳುವುದು? 2024ರಲ್ಲಿ ಇಂಡಿಯನ್ ಆಯಿಲ್‌ನವರು ಐದು ರಾಜ್ಯಗಳಲ್ಲಿ 183 ಬಂಕ್‌ಗಳಲ್ಲಿ ಇ100 ಶುರು ಮಾಡಿದರು, ಕರ್ನಾಟಕವೂ ಅದರಲ್ಲಿದೆ ಎಂದು ಓದಿದ್ದೆ. ನಮ್ಮ ಸುತ್ತಮುತ್ತ ನಾಲ್ಕು ಬಂಕ್‌ನಲ್ಲಿ ವಿಚಾರಿಸಿದೆ. ಯಾರಲ್ಲೂ ಇಲ್ಲ.

ಹೊಸಬ 77
ಸಕ್ಕರೆ ಕಾರ್ಖಾನೆ ಪಕ್ಕದಲ್ಲೇ ಇದೆಯಲ್ಲ ನಿಮಗೆ. ಅಲ್ಲಿ ಯಾರನ್ನಾದರೂ ಹಿಡಿದು ಒಂದೆರಡು ಕ್ಯಾನ್ ಸ್ಪಿರಿಟ್ ತಂದರೆ ಆಗಲ್ವಾ?

ಹಾಸನದ ಅಕ್ಕ
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ನಮ್ಮ ಯಜಮಾನರು ಅಬಕಾರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಲೈಸೆನ್ಸ್ ಇಲ್ಲದೆ ಸ್ಪಿರಿಟ್ ಇಟ್ಟುಕೊಳ್ಳುವುದು, ಸಾಗಿಸುವುದು ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಅಪರಾಧ. ಗಾಡಿಯನ್ನೇ ಜಪ್ತಿ ಮಾಡುತ್ತಾರೆ. ಕಾರಿಗೆ ಹಾಕಲು ತಂದೆ ಅಂದರೆ ಯಾರೂ ಬಿಡುವುದಿಲ್ಲ. ಅದೂ ಅಲ್ಲದೆ ಕ್ಯಾನ್‌ನಲ್ಲಿ ತುಂಬಿ ಮನೆಯಲ್ಲಿ ಇಟ್ಟರೆ ಮಕ್ಕಳುಮರಿ ಇರುವ ಮನೆ, ಒಂದು ಕಿಡಿ ಸಾಕು.

ಹೊಸಬ 77
ಕಾಯ್ದೆ ಗೊತ್ತಿರಲಿಲ್ಲ ಅಕ್ಕ. ಮಾತು ವಾಪಸ್ ತೆಗೆದುಕೊಂಡೆ.

ಕೌಂಟರ್ 3
ಆರ್‌ಟಿಓ ಕಚೇರಿಯಲ್ಲಿ ಕೆಲಸ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಓದಿ. ಆರ್‌ಸಿಯಲ್ಲಿ ಏನು ನಮೂದಾಗಿದೆಯೋ ಅದಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವ ಹಾಗಿಲ್ಲ. ಸಿಎನ್‌ಜಿ ಕಿಟ್ ಹೇಗೆ ಹಾಕುತ್ತಾರೆ ಗೊತ್ತಲ್ಲ. ಎಆರ್‌ಎಐ ಅಥವಾ ಐಕ್ಯಾಟ್‌ನಂಥ ಸಂಸ್ಥೆ ಪರೀಕ್ಷೆ ಮಾಡಿ ಅನುಮೋದಿಸಿದ ಕಿಟ್ ಆಗಿರಬೇಕು, ಅದು ಯಾವ ಮಾದರಿಯ ಗಾಡಿಗೆ ಅಂತಲೂ ಬರೆದಿರುತ್ತದೆ. ಆಮೇಲೆ ಇಲ್ಲಿ ಬಂದು ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಎಥೆನಾಲ್ ಕಿಟ್ ಅಂತ ನನ್ನ ಕೌಂಟರಿಗೆ ಇವತ್ತಿನವರೆಗೆ ಒಂದು ಅರ್ಜಿಯೂ ಬಂದಿಲ್ಲ. ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಅನುಮೋದನೆ ಪತ್ರ ಎಲ್ಲಿ?

ಗಾಡಿಗೆ ಬೆಂಕಿ ಬಿತ್ತು, ಅಪಘಾತ ಆಯಿತು ಅಂದಾಗ ವಿಮೆ ಸರ್ವೇಯರ್ ಮೊದಲು ನೋಡುವುದೇ ಹೊರಗಿನವರು ಹಾಕಿದ ವೈರ್‌ಗಳನ್ನು.

ಸ್ಪ್ಯಾನರ್ 14
ಕೌಂಟರ್ ಸರ್ ಹೇಳಿದ್ದು ಸತ್ಯ. ಹಿಂದೆ ಅಡುಗೆ ಸಿಲಿಂಡರ್ ಇಟ್ಟುಕೊಂಡು ಓಡಿಸಿದ ವ್ಯಾನ್‌ಗಳು ನೆನಪಿವೆಯಾ? ಶಾಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಒಂದು ವ್ಯಾನ್ ನನ್ನ ಗ್ಯಾರೇಜ್ ಎದುರೇ ಹೊಗೆ ಬಿಟ್ಟಿತು. ನಾನು, ಎದುರು ಅಂಗಡಿಯವರು ಸೇರಿ ಏಳು ಮಕ್ಕಳನ್ನು ಇಳಿಸಿದೆವು. ಹದಿನೈದು ವರ್ಷ ಆಗಿದೆ, ಆ ವಾಸನೆ ಇನ್ನೂ ಮರೆತಿಲ್ಲ. ಅವತ್ತಿನಿಂದ ಅನುಮೋದನೆ ಇಲ್ಲದ ಯಾವ ಕಿಟ್ಟೂ ನಾನು ಮುಟ್ಟಲ್ಲ, ಎಷ್ಟು ದುಡ್ಡು ಕೊಟ್ಟರೂ.

ಹಾವೇರಿ ಜೋಳ
ಎಲ್ಲರೂ ಕಬ್ಬು ಕಬ್ಬು ಅನ್ನುತ್ತಿದ್ದೀರಿ. ಈಗ ಮೆಕ್ಕೆಜೋಳದಿಂದಲೂ ಬೇಕಾದಷ್ಟು ಎಥೆನಾಲ್ ಆಗುತ್ತಿದೆ. ಮೊದಲು ನಮ್ಮ ಜೋಳಕ್ಕೆ ಕೋಳಿ ಫಾರಂನವರು ಬಿಟ್ಟರೆ ಗಿರಾಕಿ ಇರಲಿಲ್ಲ. ಈಗ ಇಬ್ಬರಿದ್ದಾರೆ. ಕೋಳಿ ಸಾಕುವವರು ಮೇವಿನ ಖರ್ಚು ಜಾಸ್ತಿ ಆಯಿತು ಅನ್ನುತ್ತಾರೆ, ಅವರ ಕಷ್ಟವೂ ನಿಜ. ಆದರೂ ಸರ್ಕಾರ 2025-26ಕ್ಕೆ ಕ್ವಿಂಟಾಲಿಗೆ 2,400 ರೂ. ಬೆಂಬಲ ಬೆಲೆ ಘೋಷಿಸಿದರೂ ಮಾರುಕಟ್ಟೆಯಲ್ಲಿ ನಮ್ಮ ಕೈಗೆ ಅಷ್ಟು ಬರುತ್ತಿಲ್ಲ.

ಬೈಲಹೊಂಗಲ ಬೆಲ್ಲ
ಕಬ್ಬಿನ ಕಥೆಯೂ ಅದೇ ರೀ. ಎಥೆನಾಲ್ ಬಂದರೆ ಕಾರ್ಖಾನೆಗೆ ಬೇಗ ದುಡ್ಡು, ರೈತರಿಗೆ ಬೇಗ ಬಿಲ್ ಅಂತ ಹೇಳಿದ್ದರು. ಕೆಲವು ಕಡೆ ಆಗಿದೆ, ಇಲ್ಲ ಅನ್ನಲ್ಲ. ಆದರೆ ಟನ್ನಿಗೆ ದರ ಕೇಳಲು 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ನಾವು ರಸ್ತೆ ಮೇಲೆ ಕೂರಬೇಕಾಯಿತು. ಊಟ, ನಿದ್ದೆ ಎಲ್ಲ ಅಲ್ಲೇ. ಎಥೆನಾಲ್‌ನ ದುಡ್ಡಿನಲ್ಲಿ ನಮ್ಮ ಪಾಲು ಎಷ್ಟು ಅನ್ನುವುದು ನನಗೆ ಗಾಡಿಗಿಂತ ದೊಡ್ಡ ಪ್ರಶ್ನೆ.

ಬೋರೇಗೌಡನ ಕೊಪ್ಪಲು
ನಾವು ಅರ್ಧ ಕಬ್ಬು ಆಲೆಮನೆಗೇ ಹಾಕುತ್ತೇವೆ. ಬೆಲ್ಲ ಹೋದ ದಿನವೇ ಕೈಗೆ ಕಾಸು.

ನಾಲೆ ಕೊನೆ
ನೀರಿನ ಮಾತು ಯಾರೂ ಎತ್ತಲಿಲ್ಲ. ನೀತಿ ಆಯೋಗದ ಅದೇ ವರದಿಯಲ್ಲಿದೆ, ಕಬ್ಬಿನಿಂದ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು. ನಾನು ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದವನು. ಮೇಲಿನವರು ಕಬ್ಬು ಕುಡಿಸಿದ ಮೇಲೆ ಉಳಿದದ್ದು ನಮಗೆ. 2023ರಲ್ಲಿ ಮಳೆ ಕೈಕೊಟ್ಟಾಗ ನಮ್ಮ ಭತ್ತಕ್ಕೆ ನೀರು ಬರಲೇ ಇಲ್ಲ. ಆ ವರ್ಷ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಕೇಂದ್ರವೇ ತಡೆ ಹಾಕಿತ್ತು. ಮಳೆ ನಂಬಿಕೊಂಡ ಇಂಧನ ಇದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಬ್ಬಿನಗದ್ದೆ
ನಾಲೆ ಕೊನೆ ಅಣ್ಣ, ನೀವು ಹೇಳಿದ್ದು ಸರಿ. ನಾವು ಈಗ ಒಂದೂವರೆ ಎಕರೆಗೆ ಹನಿ ನೀರಾವರಿ ಮಾಡಿದ್ದೇವೆ. ಉಳಿದದ್ದಕ್ಕೆ ಇನ್ನೂ ಹಳೇ ಪದ್ಧತಿ.

ಮೈಶುಗರ್ ಮೊಮ್ಮಗ
ಸ್ವಲ್ಪ ಹಳೇ ಮಾತು. ನಮ್ಮ ತಾತ ಮಂಡ್ಯದ ಮೈಶುಗರ್ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕಾರ್ಖಾನೆ ಶುರುವಾಗಿದ್ದು 1933ರಲ್ಲಿ. ಕಾಕಂಬಿಯಿಂದ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಿಂದ, ತೆಗೆದ ಮದ್ಯಸಾರವನ್ನು ಪೆಟ್ರೋಲ್‌ಗೆ ಬೆರೆಸುವ ಯೋಚನೆ ಹೊಸದಲ್ಲ. ಅದಕ್ಕೆ 'ಪವರ್ ಆಲ್ಕೊಹಾಲ್' ಅನ್ನುತ್ತಿದ್ದರು. ದೇಶದಲ್ಲಿ 1948ರಲ್ಲೇ ಅದಕ್ಕೊಂದು ಕಾಯ್ದೆ ಇತ್ತು. ತಾತ ಕಾಕಂಬಿ ವಾಸನೆ ಮೈಗೆ ಅಂಟಿಸಿಕೊಂಡೇ ಮನೆಗೆ ಬರುತ್ತಿದ್ದರು, ಅಜ್ಜಿ ಅವರ ಅಂಗಿಯನ್ನು ಬೇರೆಯೇ ಬಕೆಟ್‌ನಲ್ಲಿ ನೆನೆಸುತ್ತಿದ್ದರು ಅಂತ ಅಮ್ಮ ಹೇಳುತ್ತಾರೆ.

ಲೆಕ್ಕದ ಮೇಷ್ಟ್ರು
ಚೆನ್ನಾಗಿದೆ ಮೊಮ್ಮಗರೇ. ಇನ್ನೊಂದಿಷ್ಟು ಬರೆಯಿರಿ.

ಈಗ ದುಡ್ಡಿನ ಲೆಕ್ಕ. ಬ್ರೆಜಿಲ್‌ನವರ ಹತ್ತಿರ ಒಂದು ಸುಲಭದ ಸೂತ್ರ ಇದೆ. ಎಥೆನಾಲ್‌ಗೆ ಮೈಲೇಜ್ ಕಡಿಮೆ, ಹಾಗಾಗಿ ಅದರ ಬೆಲೆ ಪೆಟ್ರೋಲ್ ಬೆಲೆಯ 70% ಒಳಗಿದ್ದರೆ ಮಾತ್ರ ಎಥೆನಾಲ್ ಹಾಕಿಸು. ಬೆಂಗಳೂರಿನಲ್ಲಿ 2025ರಲ್ಲಿದ್ದ ಪೆಟ್ರೋಲ್ ದರ ಲೀಟರಿಗೆ 103 ರೂ. ಹಿಡಿಯಿರಿ. 70% ಅಂದರೆ 72 ರೂ. ಈಗ 2024-25ರ ಸಾಲಿಗೆ ತೈಲ ಕಂಪನಿಗಳು ಕಾರ್ಖಾನೆಗೆ ಕೊಟ್ಟ ದರ ನೋಡಿ. ಮೆಕ್ಕೆಜೋಳದ ಎಥೆನಾಲ್‌ಗೆ 71.86. ಕಬ್ಬಿನ ಹಾಲಿನದಕ್ಕೆ 65.61. ಇನ್ನೂ ಸ್ವಲ್ಪ ಸಕ್ಕರೆ ಉಳಿದ 'ಬಿ-ಹೆವಿ' ಕಾಕಂಬಿಯದಕ್ಕೆ 60.73. ಇದರ ಮೇಲೆ ಜಿಎಸ್‌ಟಿ, ಟ್ಯಾಂಕರ್ ಬಾಡಿಗೆ, ಬಂಕ್‌ನವರ ಕಮಿಷನ್. ಅಂದರೆ ಕಾರ್ಖಾನೆ ಬಾಗಿಲಲ್ಲೇ 72ರ ಹತ್ತಿರ ಬಂದುಬಿಟ್ಟಿದೆ. ತೆರಿಗೆ ಇಳಿಸದೆ ಮನೆ ಗಾಡಿಯವರಿಗೆ ಇದರಲ್ಲಿ ಉಳಿತಾಯ ಇಲ್ಲ.

ಬೈಲಹೊಂಗಲ ಬೆಲ್ಲ
ಮೇಷ್ಟ್ರೇ, ಉಳಿತಾಯ ಒಂದೇನಾ? ಹೊರದೇಶದಿಂದ ಎಣ್ಣೆ ತರಿಸುವ ಖರ್ಚು ಕಡಿಮೆ ಆಗುತ್ತದೆ. ಆ ದುಡ್ಡು ಇಲ್ಲೇ ಉಳಿಯುತ್ತದೆ. ಎಂಜಿನ್ ಬಡಿದುಕೊಳ್ಳದಂತೆ ತಡೆಯುವ ಆಕ್ಟೇನ್ ಕೂಡ ಜಾಸ್ತಿ.

ಲೆಕ್ಕದ ಮೇಷ್ಟ್ರು
ದೇಶಕ್ಕೆ ಲಾಭ ಅನ್ನುವುದನ್ನು ಒಪ್ಪುತ್ತೇನೆ. ಹಾಗಿದ್ದರೆ ಆ ಲಾಭದಲ್ಲಿ ಬಂಕ್‌ನಲ್ಲಿ ದುಡ್ಡು ಕೊಡುವವನಿಗೂ ಪಾಲು ಬೇಕು, ಕಬ್ಬು ಬೆಳೆದವನಿಗೂ ಬೇಕು. ಅದಕ್ಕೇ ನಾನು ಲೆಕ್ಕ ಬರೆದದ್ದು.

ಟ್ರಿಮ್ ನೋಡುವವನು
ಆಕ್ಟೇನ್ ವಿಷಯ ನಿಜ, ಇ20 ಆಕ್ಟೇನ್ 95. ಆದರೆ ಅದರ ಲಾಭ ಪಡೆಯಲು ಎಂಜಿನ್‌ನ ಕಂಪ್ರೆಶನ್ ಅನುಪಾತ, ಅಂದರೆ ಸಿಲಿಂಡರ್ ಒಳಗೆ ಗಾಳಿ-ಇಂಧನವನ್ನು ಎಷ್ಟು ಒತ್ತುತ್ತದೆ ಅನ್ನುವ ಅಳತೆ, ಜಾಸ್ತಿ ಇರಬೇಕು. 2015ರ ಎಂಜಿನ್‌ಗೆ ಅದು ಅಷ್ಟಾಗಿ ದಕ್ಕುವುದಿಲ್ಲ.

ಆಗುಂಬೆ ಮಳೆ
ನನ್ನದೊಂದು ಅನುಭವ. ಹೋದ ಮಳೆಗಾಲ ಮೂರು ತಿಂಗಳು ಗಾಡಿ ತೆಗೆಯಲೇ ಇಲ್ಲ, ಕೊಟ್ಟಿಗೆ ಪಕ್ಕ ನಿಲ್ಲಿಸಿದ್ದೆ. ಟ್ಯಾಂಕ್‌ನಲ್ಲಿ ಕಾಲು ಭಾಗ ಪೆಟ್ರೋಲ್ ಇತ್ತು. ಸೆಪ್ಟೆಂಬರ್‌ನಲ್ಲಿ ಸ್ಟಾರ್ಟ್ ಮಾಡಿದರೆ ಎರಡು ಸಲ ಕೆಮ್ಮಿ ನಿಂತಿತು. ಮೆಕ್ಯಾನಿಕ್ ಟ್ಯಾಂಕ್ ಇಳಿಸಿ ಗಾಜಿನ ಬಾಟಲಿಗೆ ಸುರಿದು ತೋರಿಸಿದರು. ಕೆಳಗೆ ಎರಡು ಬೆರಳು ಮಬ್ಬು ನೀರಿನಂಥದ್ದು, ಮೇಲೆ ಪೆಟ್ರೋಲ್. ಮುಚ್ಚಳದ ರಬ್ಬರ್ ಹರಿದಿತ್ತಂತೆ. ಎಥೆನಾಲ್ ಜಾಸ್ತಿ ಆದಷ್ಟೂ ಇದು ಜಾಸ್ತಿ ಆಗುತ್ತದೆ ಅಲ್ವಾ?

ಟ್ರಿಮ್ ನೋಡುವವನು
ಇಲ್ಲಿ ಒಂದು ತಿದ್ದುಪಡಿ. ಎಥೆನಾಲ್ ನೀರು ಹೀರುವುದು ನಿಜ. ಆದರೆ ಇ20 ಇ10ಗಿಂತ ಜಾಸ್ತಿ ನೀರನ್ನು ಬೇರ್ಪಡದೆ ಹಿಡಿದುಕೊಳ್ಳುತ್ತದೆ. ಬ್ರೆಜಿಲ್‌ನ ಎಥೆನಾಲ್‌ನಲ್ಲಿ ಸುಮಾರು 5% ನೀರು ಮೊದಲೇ ಇರುತ್ತದೆ, ಬೇರ್ಪಡಲು ಅಲ್ಲಿ ಪೆಟ್ರೋಲ್ ಇಲ್ಲ. ನಿಮ್ಮ ಗಾಡಿಗೆ ಎರಡು ಬೆರಳು ನೀರು ಗಾಳಿಯ ತೇವದಿಂದ ಬಂದದ್ದಲ್ಲ, ಆ ಹರಿದ ಮುಚ್ಚಳದಿಂದ ಮಳೆನೀರೇ ಇಳಿದಿದೆ. ಮುಚ್ಚಳ ಬದಲಿಸಿದ್ದೀರಾ?

ಆಗುಂಬೆ ಮಳೆ
ಬದಲಿಸಿದೆ. ಈ ವರ್ಷ ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸಿಟ್ಟೆ, ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ನಾಲ್ಕು ಕಿ.ಮೀ. ಓಡಿಸಿದೆ. ತೊಂದರೆ ಆಗಲಿಲ್ಲ.

ಲ್ಯಾಬ್ ಟೀಚರ್
ಬಂಕ್‌ನವರು ಎಷ್ಟು ಎಥೆನಾಲ್ ಹಾಕಿದ್ದಾರೋ ಅಂತ ಅನುಮಾನ ಇರುವವರಿಗೆ: ನಮ್ಮ ಶಾಲೆಯ 100 ಮಿ.ಲೀ. ಅಳತೆ ಜಾಡಿಯಲ್ಲಿ ನೋಡಿದೆ. 20ರ ಗೆರೆ ತನಕ ನೀರು, ಅದರ ಮೇಲೆ 100 ತನಕ ಬಂಕ್‌ನ ಪೆಟ್ರೋಲ್. ಬಿರಡೆ ಹಾಕಿ ಅಲುಗಾಡಿಸಿ ಹತ್ತು ನಿಮಿಷ ಬಿಟ್ಟೆ. ಮೊದಲು ಹಾಲಿನ ಥರ ಬೆಳ್ಳಗಾಯಿತು, ಆಮೇಲೆ ಎರಡು ಪದರ. ನೀರಿನ ಗೆರೆ 20ರಿಂದ ಏರಿ 35ರಲ್ಲಿ ನಿಂತಿತು. ಎಥೆನಾಲ್ ಪೆಟ್ರೋಲ್ ಬಿಟ್ಟು ನೀರಿನ ಕಡೆ ಹೋಯಿತು. 80ರಲ್ಲಿ 15, ಅಂದರೆ 19%. ಎರಡೂ ಬೆರೆತಾಗ ಗಾತ್ರ ಸ್ವಲ್ಪ ಕುಗ್ಗುವುದರಿಂದ 20ಕ್ಕೆ ಸರಿಯಾಗಿದೆ. ಬಯಲಿನಲ್ಲೇ ಮಾಡಿ, ಸುತ್ತ ಬೆಂಕಿ ಇರಬಾರದು. ಮಕ್ಕಳ ಕೈಗೆ ಕೊಡಬೇಡಿ.

ರಾಜಾಜಿನಗರ 10ನೇ ಬ್ಲಾಕ್
ಮೇಷ್ಟ್ರೇ, ಮೂರು ಸಲ ತುಂಬಿಸಿ ಅಳೆದೆ. 14.8, 15.1, 14.9. ಆಕ್ಸಿಜನ್ ಸೆನ್ಸರ್ ಹಾಳಾಗಿತ್ತು, ಅದನ್ನು ಬದಲಿಸಿದ ಮೇಲಿನ ಅಳತೆ ಇದು. ನಿಮ್ಮ ಮಾತು ಕೇಳಿದ್ದು ಒಳ್ಳೆಯದಾಯಿತು.

ಲೆಕ್ಕದ ಮೇಷ್ಟ್ರು
ಅಳೆದು ಬಂದಿರಲ್ಲ, ಅದೇ ಸಂತೋಷ.

ಕಬ್ಬಿನಗದ್ದೆ
ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಕಿಟ್ ಮಾರುವವರಿಗೆ ಅನುಮೋದನೆ ಪತ್ರ ಕೇಳಿದೆ. ಎರಡು ದಿನ ಉತ್ತರ ಇಲ್ಲ, ಆಮೇಲೆ ಕರೆಯನ್ನೇ ತೆಗೆಯಲಿಲ್ಲ. ಅಲ್ಲಿಗೆ ಆ ಕಥೆ ಮುಗಿಯಿತು.

ಸ್ಪ್ಯಾನರ್ ಅಣ್ಣ ಹೇಳಿದ ಹಾಗೆ ಗಾಡಿಯನ್ನು ನಮ್ಮೂರ ಮೆಕ್ಯಾನಿಕ್ ಹತ್ತಿರ ಬಿಟ್ಟೆ. ರಬ್ಬರ್ ಪೈಪ್ ಎರಡು ತುಂಡು, ಇಂಜೆಕ್ಟರ್ ಓ-ರಿಂಗ್, ಪಂಪ್ ಜಾಲರಿ, ಫಿಲ್ಟರ್ ಬದಲಿಸಿದರು. 3,100 ರೂಪಾಯಿ ಆಯಿತು. ಜಾಲರಿ ಮೇಲೆ ಕಂದು ಬಣ್ಣದ ರಾಡಿ ಬೆರಳು ದಪ್ಪ ಕೂತಿತ್ತು. ಸ್ಕ್ಯಾನರ್ ಹಾಕಿ ನೋಡಿದಾಗ ಟ್ರಿಮ್ 5% ತೋರಿಸಿತು. ಈಗ ಏರು ಹತ್ತುವಾಗ ಎಳೆತ ಚೆನ್ನಾಗಿದೆ. ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಬಂದೆ, 15.7 ಕೊಟ್ಟಿತು.

ಅಪ್ಪ ಹಳೇ ಪೈಪ್ ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಮನೆಗೆ ಬರುವಾಗ ಒಂದು ಪ್ರಶ್ನೆ ಕೇಳಿದರು, ನನಗೆ ಉತ್ತರ ಗೊತ್ತಾಗಲಿಲ್ಲ. ಈಗ ಹಾಕುವ ಪೆಟ್ರೋಲ್‌ನಲ್ಲಿ ನಮ್ಮ ಕಬ್ಬು ಎಷ್ಟಿದೆ ಅಂತ.

ಲೆಕ್ಕದ ಮೇಷ್ಟ್ರು
ಟ್ಯಾಂಕ್ ಎಷ್ಟು ಲೀಟರಿನದು?

ಕಬ್ಬಿನಗದ್ದೆ
35.

ಲೆಕ್ಕದ ಮೇಷ್ಟ್ರು
35ರಲ್ಲಿ 20% ಅಂದರೆ 7 ಲೀಟರ್ ಎಥೆನಾಲ್. ಕಬ್ಬಿನ ಹಾಲಿನಿಂದ ನೇರವಾಗಿ ಮಾಡಿದರೆ ಒಂದು ಟನ್ ಕಬ್ಬಿಗೆ ಸುಮಾರು 70 ಲೀಟರ್ ಎಥೆನಾಲ್ ಬರುತ್ತದೆ. ಹಾಗಾಗಿ ಒಂದು ಫುಲ್ ಟ್ಯಾಂಕ್‌ಗೆ ನೂರು ಕೆಜಿ ಕಬ್ಬು. ಅದು ನಿಮ್ಮ ಗದ್ದೆಯದ್ದೇ ಅಂತ ಹೇಳಲಾಗುವುದಿಲ್ಲ, ಹಾವೇರಿಯವರ ಜೋಳವೂ ಇರಬಹುದು. ಆದರೂ ತಂದೆಯವರಿಗೆ ಹೇಳಿ, ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಒಂದು ಕ್ವಿಂಟಾಲ್ ಕಬ್ಬು ಒಳಗೆ ಹೋಗುತ್ತದೆ.

ಕಬ್ಬಿನಗದ್ದೆ
ಹೇಳಿದೆ ಮೇಷ್ಟ್ರೇ. ಒಂದು ಕ್ವಿಂಟಾಲಾ ಅಂತ ಎರಡು ಸಲ ಕೇಳಿದರು. ಈಗ ಬಂಕ್‌ಗೆ ಹೋದಾಗಲೆಲ್ಲ ಕೆಳಗಿಳಿದು ಮೀಟರ್ ಹತ್ತಿರವೇ ನಿಲ್ಲುತ್ತಾರೆ.

ಬೋರೇಗೌಡನ ಕೊಪ್ಪಲು
ಅಣ್ಣ, ನನ್ನದೂ 2014ರ ಗಾಡಿ. ಪೈಪ್ ಯಾವ ಸೈಜ್, ಏನಂತ ಕೇಳಬೇಕು ಅಂಗಡಿಯಲ್ಲಿ?

ಸ್ಪ್ಯಾನರ್ 14
ನಾನೇ ಹೇಳುತ್ತೇನೆ. ಹಳೇ ಪೈಪ್‌ನ ಒಂದು ತುಂಡು ತೆಗೆದುಕೊಂಡು ಹೋಗಿ, ಬಹಳ ಗಾಡಿಗೆ ಒಳಗಿನ ಅಳತೆ 8 ಮಿ.ಮೀ. ಇರುತ್ತದೆ. ಪೈಪ್ ಮೇಲೆ '30ಆರ್9' ಅಂತ ಮುದ್ರೆ ಇರಬೇಕು, ಇಂಜೆಕ್ಷನ್ ಗಾಡಿಯ ಒತ್ತಡ ಅದು ತಡೆಯುತ್ತದೆ. ಮುದ್ರೆ ಇಲ್ಲದ್ದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಕ್ಲಿಪ್ ಕೂಡ ಹೊಸದೇ ಹಾಕಿಸಿ. ಹಾಕಿದ ಮೇಲೆ ಎಂಜಿನ್ ಓಡುತ್ತಿರುವಾಗ ಬಾನೆಟ್ ತೆಗೆದು ಹತ್ತು ನಿಮಿಷ ನಿಂತು ನೋಡಿ, ಎಲ್ಲೂ ಹನಿಯಬಾರದು.